ಕಾಲಿಗೆ ಪ್ಲಾಸ್ಟರ್ ಇದ್ದಾಗ ತೂಕ ಇಳಿಸೋದು ಹೇಗೆ?

ಮಳೆಯಲ್ಲಿ ಸ್ಕೂಟರ್ ಜಾರಿ ಪಾದದ ಕೀಲು ಮುರಿದುಕೊಂಡವರು, ಬಚ್ಚಲಲ್ಲಿ ಬಿದ್ದವರು, ಭಾನುವಾರದ ಕ್ರಿಕೆಟ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡವರು ಆರ್ಥೋ ಡಾಕ್ಟರ ಹತ್ತಿರ ಎರಡು ಮಾತು ಕೇಳಿಸಿಕೊಂಡು ಬರುತ್ತಾರೆ. ‘ಆರು ವಾರ ಈ ಕಾಲಿನ ಮೇಲೆ ಭಾರ ಹಾಕಬೇಡಿ’ ಅನ್ನೋದು ಒಂದು. ‘ತೂಕ ಸ್ವಲ್ಪ ಇಳಿಸಿ’ ಅನ್ನೋದು ಇನ್ನೊಂದು. ನಡೆಯಬೇಡಿ ಅಂತಾರೆ, ತೂಕವನ್ನೂ ಇಳಿಸಿ ಅಂತಾರೆ. ಹೇಗೆ ಸ್ವಾಮಿ?

ಮನೆಗೆ ಬಂದರೆ ಗೊಂದಲ ಇನ್ನೂ ಜಾಸ್ತಿ. ‘ಮೂಳೆ ಕೂಡಬೇಕು, ಚೆನ್ನಾಗಿ ತಿನ್ನು’ ಅಂತ ಅತ್ತೆ ಎರಡು ಚಮಚ ತುಪ್ಪ ಹೆಚ್ಚಿಗೆ ಹಾಕುತ್ತಾರೆ. ‘ಕೂತಲ್ಲೇ ಕೂತಿದ್ದೀಯ, ರಾತ್ರಿ ಊಟ ಬಿಟ್ಟುಬಿಡು’ ಅಂತ ಗೆಳತಿ ಫೋನಿನಲ್ಲಿ ಹೇಳುತ್ತಾಳೆ. ಇಬ್ಬರ ಮಾತಲ್ಲೂ ಅರ್ಧ ಸರಿ ಇದೆ. ಆ ಅರ್ಧ ಯಾವುದು ಅಂತ ತಿಳಿಯಬೇಕಾದರೆ, ದೇಹ ದಿನಕ್ಕೆ ಎಷ್ಟು ಖರ್ಚು ಮಾಡುತ್ತದೆ, ಯಾವುದಕ್ಕೆ ಖರ್ಚು ಮಾಡುತ್ತದೆ ಅನ್ನೋದನ್ನು ಮೊದಲು ನೋಡಬೇಕು.

ಖರ್ಚಿನ ಲೆಕ್ಕ

ನಾವು ತಿಂದ ಕ್ಯಾಲೊರಿಯ ದೊಡ್ಡ ಪಾಲು ಹೋಗುವುದು ಸುಮ್ನೆ ಬದುಕಿರುವುದಕ್ಕೆ. ಹೃದಯ ಬಡಿಯಬೇಕು, ಉಸಿರಾಟ ನಡೆಯಬೇಕು, ಮಿದುಳು, ಯಕೃತ್ತು, ಮೂತ್ರಪಿಂಡ ಕೆಲಸ ಮಾಡಬೇಕು, ಮೈ ಬೆಚ್ಚಗಿರಬೇಕು. ಹೆಚ್ಚು ಓಡಾಡದ ಮನುಷ್ಯನಲ್ಲಿ ಒಟ್ಟು ಖರ್ಚಿನ ಶೇ 60ರಿಂದ 70ರಷ್ಟು ಇದಕ್ಕೇ ಹೋಗುತ್ತದೆ. ತಿಂದದ್ದನ್ನು ಜೀರ್ಣಿಸಿಕೊಳ್ಳಲು ಸುಮಾರು ಶೇ 10. ಉಳಿದದ್ದು ಓಡಾಟಕ್ಕೆ. ಕಾಲಿಗೆ ಪೆಟ್ಟಾದಾಗ ಕಡಿಮೆಯಾಗುವುದು ಈ ಕೊನೆಯ ಪಾಲು ಮಾತ್ರ. ಅದೂ ಪೂರ್ತಿ ನಿಲ್ಲುವುದಿಲ್ಲ.

ಒಂದು ಉದಾಹರಣೆ ತಗೊಳ್ಳೋಣ. 50 ವರ್ಷದ ಹೆಂಗಸು, ಎತ್ತರ 155 ಸೆಂಟಿಮೀಟರ್, ತೂಕ 72 ಕೆಜಿ. ಆಹಾರ ತಜ್ಞರು ಸಾಮಾನ್ಯವಾಗಿ ಬಳಸುವ ಮಿಫ್ಲಿನ್ ಸೂತ್ರ 1990ರಲ್ಲಿ ಬಂದದ್ದು. ತೂಕವನ್ನು 10ರಿಂದ ಗುಣಿಸಿ, ಎತ್ತರವನ್ನು 6.25ರಿಂದ ಗುಣಿಸಿ ಎರಡನ್ನೂ ಕೂಡಿಸಬೇಕು. ಅದರಲ್ಲಿ ವಯಸ್ಸಿನ ಐದು ಪಟ್ಟನ್ನು ಕಳೆಯಬೇಕು. ಆಮೇಲೆ ಹೆಂಗಸರಾದರೆ 161 ಕಳೆಯಬೇಕು, ಗಂಡಸರಾದರೆ 5 ಕೂಡಿಸಬೇಕು. ಇವರಿಗೆ ಸುಮಾರು 1280 ಕ್ಯಾಲೊರಿ ಬರುತ್ತದೆ. ಇದು ಮಲಗಿದ್ದರೂ ಆಗುವ ಖರ್ಚು. ಮನೆಗೆಲಸ, ಅಂಗಡಿ, ಬೆಳಗಿನ ವಾಕಿಂಗ್ ಎಲ್ಲ ಇದ್ದಾಗ ಇದರ 1.4ರಷ್ಟು ಅಂದುಕೊಂಡರೆ ದಿನಕ್ಕೆ ಸುಮಾರು 1790. ಕುರ್ಚಿ, ಮಂಚ, ವಾಕರ್‌ಗೆ ಸೀಮಿತವಾದಾಗ 1.2ರಷ್ಟು, ಅಂದರೆ 1530ರ ಆಸುಪಾಸು. ಈ ಸೂತ್ರ ಅಮೆರಿಕದವರನ್ನು ಅಳೆದು ಮಾಡಿದ್ದು. ನಮ್ಮವರಿಗೆ ಸ್ವಲ್ಪ ಜಾಸ್ತಿಯೇ ತೋರಿಸಬಹುದು. ಹಾಗಾಗಿ ಈ ಅಂಕಿಗಳನ್ನು ಅಂದಾಜು ಅಂತಲೇ ಓದಿಕೊಳ್ಳಿ.

ವ್ಯತ್ಯಾಸ ದಿನಕ್ಕೆ ಸುಮಾರು 260 ಕ್ಯಾಲೊರಿ. ಊಟ ಮೊದಲಿನಷ್ಟೇ ಇದ್ದರೆ ಆರು ವಾರಕ್ಕೆ ಹನ್ನೊಂದು ಸಾವಿರದ ಹತ್ತಿರ ಉಳಿತಾಯ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7700 ಕ್ಯಾಲೊರಿ. ಹಾಗಾದರೆ ಪ್ಲಾಸ್ಟರ್ ತೆಗೆಯುವ ಹೊತ್ತಿಗೆ ಒಂದೂವರೆ ಕೆಜಿ ಹತ್ತಿರ ಏರುತ್ತದೆ. ಅತ್ತೆಯ ತುಪ್ಪ ಸೇರಿದರೆ ಇನ್ನೂ ಜಾಸ್ತಿ.

ಈಗ ಇದೇ ಲೆಕ್ಕವನ್ನು ತಿರುಗಿಸಿ ನೋಡಿ. ನಡಿಗೆ ನಿಂತದ್ದರಿಂದ ಆದ ನಷ್ಟ 260 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ 120ಕ್ಕಿಂತ ಜಾಸ್ತಿ ಇರುತ್ತದೆ. ದಿನಕ್ಕೆ ಅಂಥ ಎರಡು ಚಮಚ ಎಣ್ಣೆ ಕಡಿಮೆಯಾದರೆ ಆ ನಷ್ಟ ಹೆಚ್ಚುಕಮ್ಮಿ ಸರಿಹೋಗುತ್ತದೆ. ‘ವಾಕಿಂಗ್ ನಿಂತುಹೋಯ್ತು, ಇನ್ನು ಎಲ್ಲ ಮುಗೀತು’ ಅನ್ನುವಷ್ಟು ದೊಡ್ಡ ನಷ್ಟ ಇದಲ್ಲ.

ನಡಿಗೆಯ ಬಗ್ಗೆ ನಮ್ಮ ಅತಿನಂಬಿಕೆ

ತೂಕ ಇಳಿಯುವುದು ವ್ಯಾಯಾಮದಿಂದ ಅಂತ ನಮ್ಮಲ್ಲಿ ಬಲವಾದ ನಂಬಿಕೆ ಇದೆ. ಲಾಲ್‌ಬಾಗ್‌ನಲ್ಲಿ ಬೆಳಗ್ಗೆ ಒಂದು ಗಂಟೆ ಸುತ್ತುವುದು, ಆಮೇಲೆ ಹೋಟೆಲಿಗೆ ಹೋಗಿ ಖಾಲಿ ದೋಸೆ, ವಡೆ, ಕಾಫಿ ಮುಗಿಸುವುದು. ಸಮತಟ್ಟಾದ ದಾರಿಯಲ್ಲಿ 72 ಕೆಜಿಯವರು 5 ಕಿಲೋಮೀಟರ್ ನಡೆದರೆ, ಸುಮ್ನೆ ಕೂತಿದ್ದರೆ ಆಗುವ ಖರ್ಚಿನ ಮೇಲೆ ಹೆಚ್ಚಿಗೆ ಆಗುವುದು 180 ಕ್ಯಾಲೊರಿಯ ಆಸುಪಾಸು. ಆ ತಿಂಡಿ ಅದನ್ನು ಆರಾಮಾಗಿ ನುಂಗಿಹಾಕುತ್ತದೆ.

ಇದಕ್ಕೆ ಒಳ್ಳೆಯ ಸಾಕ್ಷಿ ಮೊಣಕಾಲು ಸವೆದವರ ಮೇಲೆ ನಡೆದ ಒಂದು ಪ್ರಯೋಗ. ಅಮೆರಿಕದ ನಾರ್ತ್ ಕ್ಯಾರೊಲಿನಾದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯದವರು 55 ವರ್ಷ ದಾಟಿದ, ತೂಕ ಹೆಚ್ಚಿದ್ದ, ಮೊಣಕಾಲು ನೋವಿನ 454 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ವ್ಯಾಯಾಮ ಮಾತ್ರ, ಒಂದಕ್ಕೆ ಊಟದ ಪಥ್ಯ ಮಾತ್ರ, ಇನ್ನೊಂದಕ್ಕೆ ಎರಡೂ. 18 ತಿಂಗಳಾದ ಮೇಲೆ ನೋಡಿದರೆ ವ್ಯಾಯಾಮದವರು ಸರಾಸರಿ 1.8 ಕೆಜಿ ಇಳಿದಿದ್ದರು. ಪಥ್ಯದವರು 8.9 ಕೆಜಿ. ಎರಡೂ ಮಾಡಿದವರು 10.6 ಕೆಜಿ. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ನೋವು ಕಡಿಮೆಯಾಗಿ ಓಡಾಟ ಹೆಚ್ಚು ಸಲೀಸಾದದ್ದು ಎರಡೂ ಮಾಡಿದವರಿಗೆ. ಹಾಗಾಗಿ ವ್ಯಾಯಾಮ ಬೇಡ ಅಂತ ಯಾರೂ ಹೇಳುತ್ತಿಲ್ಲ. ಆದರೆ ತೂಕದ ಮಟ್ಟಿಗೆ ಹೆಚ್ಚಿನ ಕೆಲಸ ಆದದ್ದು ಊಟದ ತಟ್ಟೆಯಲ್ಲಿ ಅನ್ನೋದು ಸ್ಪಷ್ಟ ಅಲ್ವಾ?

ಟಾಂಜಾನಿಯಾದ ಹಾಡ್ಜಾ ಜನ ಬೇಟೆಯಾಡಿ, ಗೆಡ್ಡೆ ಅಗೆದು ಬದುಕುವವರು. ದಿನವಿಡೀ ನಡೆಯುತ್ತಾರೆ. ಅವರು ದಿನಕ್ಕೆ ಎಷ್ಟು ಕ್ಯಾಲೊರಿ ಖರ್ಚು ಮಾಡುತ್ತಾರೆ ಅಂತ ವಿಜ್ಞಾನಿಗಳು ಅಳೆದು 2012ರಲ್ಲಿ ವರದಿ ಮಾಡಿದರು. ಮೈಗಾತ್ರದ ವ್ಯತ್ಯಾಸ ಬಿಟ್ಟರೆ, ಕೂತು ಕೆಲಸ ಮಾಡುವ ಪಾಶ್ಚಾತ್ಯರಿಗಿಂತ ಅವರ ಖರ್ಚು ಹೇಳಿಕೊಳ್ಳುವಷ್ಟು ಜಾಸ್ತಿ ಇರಲಿಲ್ಲ. ಇದು ಯಾಕೆ ಹೀಗೆ ಅನ್ನೋದರ ಬಗ್ಗೆ ಚರ್ಚೆ ಇನ್ನೂ ನಡೆಯುತ್ತಿದೆ.

ಮಂಚ ಹಿಡಿದವರಿಗೆ ಇದು ಒಳ್ಳೆಯ ಸುದ್ದಿ. ತೂಕ ಇಳಿಸುವ ಮುಖ್ಯ ಸಾಧನ ಇನ್ನೂ ಕೈಯಲ್ಲೇ ಇದೆ.

ಮೊದಲ ಕೆಲವು ವಾರ ತಾಳ್ಮೆ

ಆದರೆ ಆ ಸಾಧನವನ್ನು ಮೊದಲ ದಿನವೇ ಜೋರಾಗಿ ಬಳಸಬಾರದು. ತೂಕದ ಬಗ್ಗೆ ಆತಂಕ ಇರುವವರು ಎಡವುವುದು ಇಲ್ಲೇ.

ಮೂಳೆ ಮುರಿದಾಗ ಅಥವಾ ಆಪರೇಷನ್ ಆದಾಗ ದೇಹ ರಿಪೇರಿಗೆ ಇಳಿಯುತ್ತದೆ. ಊತ ಬರುತ್ತದೆ, ಹೊಸ ರಕ್ತನಾಳಗಳು ಹುಟ್ಟಬೇಕು, ಮುರಿದ ತುದಿಗಳ ನಡುವೆ ಮೆತ್ತನೆಯ ಗಂಟು ಕಟ್ಟಿ, ಅದು ನಿಧಾನಕ್ಕೆ ಗಟ್ಟಿ ಮೂಳೆಯಾಗಬೇಕು. ಇದಕ್ಕೆಲ್ಲ ಕ್ಯಾಲೊರಿ ಬೇಕು, ಪ್ರೋಟೀನ್ ಬೇಕು. ಮೂಳೆಯ ಮೂರನೇ ಒಂದು ಭಾಗದಷ್ಟು ಕೊಲಾಜೆನ್‌ನಂಥ ಪ್ರೋಟೀನೇ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಆ ಚೌಕಟ್ಟಿನ ಮೇಲೆ ಕೂರುತ್ತದೆ. ಉಪವಾಸ ಕೂತರೆ ಚೌಕಟ್ಟಿಗೆ ಸಾಮಾನು ಎಲ್ಲಿಂದ ಬರಬೇಕು?

ಇನ್ನೊಂದು ಕಡೆ ಮಾಂಸಖಂಡ ಕರಗುತ್ತಿರುತ್ತದೆ. ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನ ಸಂಶೋಧಕರು ಪೆಟ್ಟೇ ಆಗದ ಆರೋಗ್ಯವಂತ ಯುವಕರ ಒಂದು ಕಾಲಿಗೆ ಪ್ಲಾಸ್ಟರ್ ಹಾಕಿ ನೋಡಿದ್ದರು. ಐದೇ ದಿನದಲ್ಲಿ ತೊಡೆಯ ಮುಂಭಾಗದ ಸ್ನಾಯು ಶೇ 3.5ರಷ್ಟು ಸಣ್ಣದಾಗಿತ್ತು. ಎರಡು ವಾರಕ್ಕೆ ಶೇ 8ರ ಮೇಲೆ. ಬಲ ಅದಕ್ಕಿಂತ ಬೇಗ ಕುಸಿದಿತ್ತು, ಎರಡು ವಾರಕ್ಕೆ ಶೇ 20ಕ್ಕೂ ಹೆಚ್ಚು. ಚಿಕ್ಕ ವಯಸ್ಸಿನವರಿಗೇ ಹೀಗಾದರೆ 50 ದಾಟಿದವರ ಗತಿ ಏನು? ಇಂಥ ಹೊತ್ತಲ್ಲಿ ಊಟವನ್ನೂ ಕಡಿದರೆ ದೇಹ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಒಡೆದು ಬಳಸುತ್ತದೆ. ತಕ್ಕಡಿಯಲ್ಲಿ ಮೂರು ಕೆಜಿ ಇಳಿದಂತೆ ಕಾಣುತ್ತದೆ. ಇಳಿದದ್ದರಲ್ಲಿ ಎಷ್ಟು ಹೊಟ್ಟೆಯ ಕೊಬ್ಬು, ಎಷ್ಟು ತೊಡೆಯ ಸ್ನಾಯು ಅಂತ ತಕ್ಕಡಿ ಹೇಳುವುದಿಲ್ಲ.

ಹಾಗಾಗಿ ಮೊದಲ ಎರಡು ಮೂರು ವಾರ, ಊತ ಮತ್ತು ನೋವು ಜೋರಾಗಿರುವಾಗ, ಗುರಿ ತೂಕ ಇಳಿಸುವುದಲ್ಲ, ಏರದಂತೆ ನೋಡಿಕೊಳ್ಳುವುದು. ನನ್ನ ಪ್ರಕಾರ ಆ ಹಂತದಲ್ಲಿ ತೂಕ ಇದ್ದಲ್ಲೇ ನಿಂತರೆ ಅದೇ ಗೆಲುವು. ನೋವು ತಗ್ಗಿ, ಗಾಯ ಒಣಗಿ, ಡಾಕ್ಟರು ಎಕ್ಸ್‌ರೇ ನೋಡಿ ‘ಚೆನ್ನಾಗಿ ಕೂಡುತ್ತಿದೆ’ ಅಂದಮೇಲೆ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಬಹುದು.

ಎಷ್ಟು ಕಡಿಮೆ? ಇಂಟರ್‌ನೆಟ್‌ನಲ್ಲಿ ಎಲ್ಲಿ ನೋಡಿದರೂ ‘ದಿನಕ್ಕೆ 500 ಕ್ಯಾಲೊರಿ ಕಡಿತ’ ಅಂತ ಇರುತ್ತದೆ. ನಮ್ಮ ಉದಾಹರಣೆಯ ಹೆಂಗಸಿಗೆ 1530ರಲ್ಲಿ 500 ಕಳೆದರೆ ಉಳಿಯುವುದು 1030. ಅಷ್ಟರಲ್ಲಿ ಬೇಕಾದ ಪ್ರೋಟೀನ್, ಸುಣ್ಣ, ಕಬ್ಬಿಣ ಎಲ್ಲ ತುಂಬಿಸುವುದು ಬಹಳ ಕಷ್ಟ. ಆರು ಅಡಿ ಎತ್ತರದ, ಓಡಾಡುವ ಗಂಡಸಿಗೆ ಹೊಂದುವ ಸಲಹೆಯನ್ನು ಐದಡಿಯ, ಕಾಲು ಚಾಚಿ ಕೂತ ಹೆಂಗಸು ಪಾಲಿಸಿದರೆ ತಲೆಸುತ್ತು ಬರುತ್ತದೆ, ಅಷ್ಟೇ. ಇವರಿಗೆ 200ರಿಂದ 250 ಸಾಕು. ತಿಂಗಳಿಗೆ ಮುಕ್ಕಾಲು ಕೆಜಿಯ ಆಸುಪಾಸು ಇಳಿಯುತ್ತದೆ. ಕೇಳಿದರೆ ಬೇಜಾರಾಗುವಷ್ಟು ಕಡಿಮೆ, ಗೊತ್ತು.

ತಟ್ಟೆಯಲ್ಲಿ ಏನಿರಬೇಕು

ಆರೋಗ್ಯವಂತರಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಪ್ರೋಟೀನ್ ಪ್ರಮಾಣ ದಿನಕ್ಕೆ ಪ್ರತಿ ಕೆಜಿ ಮೈತೂಕಕ್ಕೆ 0.83 ಗ್ರಾಂ. ಪೆಟ್ಟಿನಿಂದ ಚೇತರಿಸಿಕೊಳ್ಳುವವರಿಗೆ ಸಾಮಾನ್ಯವಾಗಿ 1.2 ಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಹೇಳುತ್ತಾರೆ. ತೂಕ ತುಂಬಾ ಇರುವವರು ಈಗಿನ ತೂಕಕ್ಕಲ್ಲ, ಇರಬೇಕಾದ ತೂಕದ ಹತ್ತಿರದ ಅಂಕಿಗೆ ಲೆಕ್ಕ ಹಾಕಬಹುದು. ನಮ್ಮ ಉದಾಹರಣೆಯ ಹೆಂಗಸಿಗೆ 65ರಿಂದ 75 ಗ್ರಾಂ ಅಂದುಕೊಳ್ಳಿ. ಕಿಡ್ನಿ ತೊಂದರೆ ಇದ್ದವರು ಮಾತ್ರ ಈ ಅಂಕಿ ಮುಟ್ಟುವ ಮೊದಲು ತಮ್ಮ ಡಾಕ್ಟರನ್ನು ಕೇಳಲೇಬೇಕು.

ನಮ್ಮ ಸಸ್ಯಾಹಾರಿ ಮನೆಗಳ ಊಟದಲ್ಲಿ ಅಷ್ಟು ಪ್ರೋಟೀನ್ ತಾನಾಗಿ ಬರುವುದಿಲ್ಲ. ಬೆಳಗ್ಗೆ ಚಿತ್ರಾನ್ನ ಅಥವಾ ಅವಲಕ್ಕಿ, ಮಧ್ಯಾಹ್ನ ಅನ್ನ, ತಿಳಿಸಾರು, ಆಲೂಗಡ್ಡೆ ಪಲ್ಯ, ರಾತ್ರಿ ಮತ್ತೆ ಅನ್ನ. ಹೊಟ್ಟೆ ತುಂಬುತ್ತದೆ, ಪ್ರೋಟೀನ್ 40 ಗ್ರಾಂ ಆದರೆ ಹೆಚ್ಚು.

ಅದೇ ಅಡುಗೆಮನೆಯಲ್ಲಿ ಸ್ವಲ್ಪ ಬದಲಿಸಿದರೆ ಏನಾಗುತ್ತದೆ ನೋಡಿ. ಬೆಳಗ್ಗೆ 60 ಗ್ರಾಂ ಹೆಸರುಕಾಳು ನೆನೆಸಿ ರುಬ್ಬಿದ ದೋಸೆ, 14 ಗ್ರಾಂ ಪ್ರೋಟೀನ್. ಮಧ್ಯಾಹ್ನ 60 ಗ್ರಾಂ ಹಿಟ್ಟಿನ ಸಣ್ಣ ರಾಗಿ ಮುದ್ದೆ, ಜೊತೆಗೆ 50 ಗ್ರಾಂ ಹುರಳಿಯದ್ದೋ ತೊಗರಿಯದ್ದೋ ಗಟ್ಟಿ ಸಾರು, ಒಂದು ಬಟ್ಟಲು ಮೊಸರು. ಅಲ್ಲಿಗೆ ಇನ್ನೊಂದು 20 ಗ್ರಾಂ. ಸಂಜೆ ಒಂದು ಹಿಡಿ ಹುರಿಗಡಲೆ, 6 ಗ್ರಾಂ. ರಾತ್ರಿ ಎರಡು ಚಪಾತಿ, 30 ಗ್ರಾಂ ಸೋಯಾ ಚಂಕ್ಸ್ ಹಾಕಿದ ಪಲ್ಯ, 22 ಗ್ರಾಂ. ಮಧ್ಯೆ ಎಲ್ಲೋ ಒಂದು ಲೋಟ ಹಾಲು, 6 ಗ್ರಾಂ. ಒಟ್ಟು 68. ಅಡುಗೆಗೆ ಮೂರು ಟೀ ಚಮಚ ಎಣ್ಣೆ, ತರಕಾರಿ, ಒಂದು ಹಣ್ಣು ಸೇರಿಸಿದರೂ ಕ್ಯಾಲೊರಿ 1400ರ ಆಸುಪಾಸು. ಮೊದಲ ವಾರಗಳಿಗೆ ಇದೇ ಸಾಕು, ಹಸಿವಾದರೆ ಇನ್ನೊಂದು ಲೋಟ ಹಾಲೋ ಮಜ್ಜಿಗೆಯೋ ಕುಡಿಯಬಹುದು. ತೂಕ ಇಳಿಸುವ ಹಂತ ಬಂದಾಗ ರಾತ್ರಿಯ ಒಂದು ಚಪಾತಿ ತೆಗೆದು ಅಲ್ಲಿಗೆ ಪಲ್ಯ ಜಾಸ್ತಿ ಮಾಡಿದರೆ ಬೇಕಾದ ಕಡಿತ ಅಲ್ಲೇ ಸಿಗುತ್ತದೆ. ಮೊಟ್ಟೆ, ಮೀನು, ಕೋಳಿ ತಿನ್ನುವವರಿಗೆ ಕೆಲಸ ಇನ್ನೂ ಸುಲಭ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇರುತ್ತದೆ, ಕ್ಯಾಲೊರಿ 75ರ ಒಳಗೆ.

ರಾಗಿಯ ಪ್ರೋಟೀನ್ ಕಡಿಮೆ, 100 ಗ್ರಾಂಗೆ 7 ಗ್ರಾಂ ಅಷ್ಟೇ. ಆದರೆ ಸುಣ್ಣದ ಅಂಶ 350 ಮಿಲಿಗ್ರಾಂ ಹತ್ತಿರ. ದಿನಕ್ಕೆ ಬೇಕಾದದ್ದು 1000. ಒಂದು ಮುದ್ದೆ, ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು ಸೇರಿದರೆ 600 ದಾಟುತ್ತದೆ. ಉಳಿದದ್ದಕ್ಕೆ ಸೊಪ್ಪು, ಎಳ್ಳು ಇವೆ, ಡಾಕ್ಟರು ಬರೆದುಕೊಟ್ಟ ಮಾತ್ರೆಯೂ ಇರಬಹುದು. ವಿಟಮಿನ್ ಡಿ ಕಡಿಮೆ ಇದ್ದರೆ ತಿಂದ ಸುಣ್ಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಮನೆಯೊಳಗೇ ಇರುವವರಿಗೆ ಅದು ಇನ್ನೂ ತಗ್ಗುತ್ತದೆ, ಹಾಗಾಗಿ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಇನ್ನು ಕಾಲು ಸೂಪ್. ಮೂಳೆ ಮುರಿದವರಿಗೆ ಅದನ್ನು ಕುಡಿಸದ ಮಾಂಸಾಹಾರಿ ಮನೆಯೇ ಇಲ್ಲವೇನೋ. ರುಚಿಗೆ, ಬಿಸಿಗೆ, ಮನಸ್ಸಿನ ಸಮಾಧಾನಕ್ಕೆ ಚೆನ್ನಾಗಿದೆ. ಆದರೆ ಸೂಪಿಗೆ ಇಳಿಯುವ ಸುಣ್ಣ ತೀರಾ ಕಡಿಮೆ. ಅದರಲ್ಲಿರುವ ಜೆಲಟಿನ್ ಅನ್ನುವ ಪ್ರೋಟೀನ್‌ನಲ್ಲಿ ದೇಹಕ್ಕೆ ಬೇಕಾದ ಎಲ್ಲ ಅಮೈನೋ ಆಮ್ಲಗಳೂ (ಪ್ರೋಟೀನ್ ಕಟ್ಟುವ ಘಟಕಗಳು) ಇರುವುದಿಲ್ಲ. ಮೇಲೆ ತೇಲುವ ಕೊಬ್ಬು ತೆಗೆದು ಕುಡಿಯಲಿ, ಯಾರು ಬೇಡ ಅಂತಾರೆ? ಕಾಳು, ಮೊಟ್ಟೆ, ಹಾಲಿನ ಬದಲಿಗೆ ಇದೊಂದೇ ಸಾಕು ಅಂದುಕೊಂಡರೆ ಮಾತ್ರ ತಪ್ಪಾಗುತ್ತದೆ.

ಕಡಿತ ಎಲ್ಲಿ ಮಾಡಬೇಕು

ಮನೆಯಲ್ಲಿ ಕೂತವರಿಗೆ ಊಟಕ್ಕಿಂತ ಊಟದ ನಡುವಿನದ್ದೇ ಕಾಟ. ಹೊತ್ತು ಹೋಗುವುದಿಲ್ಲ. ಮಂಚದ ಪಕ್ಕದ ಸ್ಟೂಲಿನ ಮೇಲೆ ಮಾತ್ರೆಗಳ ಜೊತೆ ನಿಪ್ಪಟ್ಟಿನ ಡಬ್ಬ. ನೋಡಲು ಬಂದವರು ಬಿಸ್ಕತ್ತು, ಸೇಬು, ಹಾರ್ಲಿಕ್ಸ್ ತಂದಿರುತ್ತಾರೆ. ಬಂದವರಿಗೆಲ್ಲ ಕಾಫಿ, ಅವರ ಜೊತೆ ನಮಗೂ ಒಂದು ಲೋಟ. ಒಂದು ಕಾಫಿಗೆ ಎರಡು ಚಮಚ ಸಕ್ಕರೆ ಅಂದರೆ 40 ಕ್ಯಾಲೊರಿ ಸಕ್ಕರೆಯಿಂದಲೇ. ನಾಲ್ಕು ಜನ ಬಂದುಹೋದ ದಿನ ಅದೇ 160. ನಿಪ್ಪಟ್ಟು, ಚಕ್ಕುಲಿ, ಕೋಡುಬಳೆ ಎಣ್ಣೆಯಲ್ಲಿ ಮುಳುಗಿ ಎದ್ದವು, ನೂರು ಗ್ರಾಂಗೆ ಸುಮಾರು 500 ಕ್ಯಾಲೊರಿ ಇರುತ್ತದೆ. ಟಿವಿ ನೋಡುತ್ತಾ ನೂರು ಗ್ರಾಂ ಖಾಲಿ ಮಾಡುವುದು ಕಷ್ಟವೇನಲ್ಲ.

ಇದಕ್ಕೆ ಮನೋಬಲದ ಉಪದೇಶ ಮಾಡಿ ಪ್ರಯೋಜನ ಇಲ್ಲ. ಡಬ್ಬವನ್ನು ಅಡುಗೆಮನೆಯ ಅಟ್ಟಕ್ಕೆ ಏರಿಸಬೇಕು. ಕಾಲು ಕೆಟ್ಟವರು ಅಟ್ಟಕ್ಕೆ ಕೈಹಾಕುವುದಿಲ್ಲ, ಪೆಟ್ಟಿನಿಂದ ಇರುವ ಒಂದೇ ಅನುಕೂಲ ಅದು. ಸ್ಟೂಲಿನ ಮೇಲೆ ಸೀಬೆಹಣ್ಣು, ಸೌತೆಕಾಯಿ, ಮಜ್ಜಿಗೆ ಇರಲಿ. ಸೀಬೆಕಾಯಿಯಲ್ಲಿ ವಿಟಮಿನ್ ಸಿ ಧಾರಾಳ, ಕೊಲಾಜೆನ್ ಕಟ್ಟಲು ಅದು ಬೇಕೇ ಬೇಕು. ನೀರು, ನಾರು ಇಲ್ಲದಿದ್ದರೆ ಮಲಬದ್ಧತೆ ಕಾಡುತ್ತದೆ. ಕೆಲವು ಜೋರು ನೋವಿನ ಮಾತ್ರೆಗಳು ಅದನ್ನು ಇನ್ನೂ ಹೆಚ್ಚಿಸುತ್ತವೆ.

ಅಡುಗೆ ಮಾಡುವವರೇ ಬಿದ್ದಿದ್ದರೆ ಕಥೆ ಬೇರೆ. ಊಟ ಹೊರಗಿಂದ ಬರುತ್ತದೆ, ಮೊಬೈಲ್‌ನಲ್ಲಿ ಆರ್ಡರ್ ಮಾಡಿದ ಫ್ರೈಡ್ ರೈಸ್, ಪರೋಟ. ಎಷ್ಟು ಎಣ್ಣೆ ಬಿದ್ದಿದೆ ಅಂತ ಯಾರಿಗೂ ಗೊತ್ತಿಲ್ಲ. ಅಂಥ ಮನೆಯವರು ಇಡ್ಲಿ, ಸಾಂಬಾರು, ಮೊಸರು, ಬೇಯಿಸಿದ ಕಾಳು, ಮೊಟ್ಟೆಗೆ ಅಂಟಿಕೊಂಡರೆ ಲೆಕ್ಕ ಕೈತಪ್ಪುವುದಿಲ್ಲ. ಇಡ್ಲಿಗೆ ಎಣ್ಣೆಯೇ ಬೇಡ, ಎಲ್ಲಿ ತಂದರೂ ಹೆಚ್ಚು ಮೋಸ ಇಲ್ಲ. ಮನೆಯ ಗಂಡಸರು ಕುಕ್ಕರ್ ಇಡಲು ಕಲಿಯುವುದಕ್ಕೂ ಇದು ಒಳ್ಳೆಯ ಸಮಯ.

ಸಿಗರೇಟು ಸೇದುವವರಿಗೆ ಒಂದು ಮಾತು. ಹೊಗೆ ಮೂಳೆ ಕೂಡುವುದನ್ನು ತಡಮಾಡುತ್ತದೆ, ಕೆಲವೊಮ್ಮೆ ಕೂಡದೇ ಹೋಗುವಂತೆಯೂ ಮಾಡುತ್ತದೆ. ಬಿಟ್ಟರೆ ತೂಕ ಏರುತ್ತದೆ ಅನ್ನುವ ಹೆದರಿಕೆಗೆ ಸೇದುತ್ತಾ ಕೂರಬೇಡಿ. ಒಂದೆರಡು ಕೆಜಿ ಆಮೇಲೆ ಇಳಿಸಬಹುದು.

ಉಳಿದ ಮೂರು ಕೈಕಾಲು

ಒಂದು ಕಾಲಿಗೆ ಪೆಟ್ಟಾದವರಿಗೆ ಇನ್ನೊಂದು ಕಾಲು, ಎರಡು ಕೈ, ಬೆನ್ನು, ಹೊಟ್ಟೆ ಎಲ್ಲ ನೆಟ್ಟಗಿವೆ. ಇಲ್ಲಿ ವ್ಯಾಯಾಮ ಮಾಡುವುದು ಕ್ಯಾಲೊರಿ ಸುಡಲು ಅಲ್ಲ, ಸ್ನಾಯು ಉಳಿಸಿಕೊಳ್ಳಲು. ಈ ವ್ಯತ್ಯಾಸ ತಲೆಯಲ್ಲಿದ್ದರೆ ‘ಬೆವರೇ ಬರಲಿಲ್ಲ’ ಅಂತ ಬೇಸರ ಆಗುವುದಿಲ್ಲ.

1894ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಸ್ಕ್ರಿಪ್ಚರ್ ಮತ್ತು ಅವರ ಜೊತೆಯವರು ವಿಚಿತ್ರವಾದದ್ದೊಂದನ್ನು ಗಮನಿಸಿದರು. ಒಂದೇ ಕೈಗೆ ಅಭ್ಯಾಸ ಕೊಟ್ಟರೂ ಸುಮ್ಮನಿದ್ದ ಇನ್ನೊಂದು ಕೈಯ ಬಲವೂ ಸ್ವಲ್ಪ ಹೆಚ್ಚಿತ್ತು. ಆಮೇಲೆ ಇದನ್ನು ಬಹಳ ಸಲ ಪರೀಕ್ಷಿಸಿ ನೋಡಿದ್ದಾರೆ. ಬಲ ಅನ್ನೋದು ಬರೀ ಸ್ನಾಯುವಿನ ಗಾತ್ರವಲ್ಲ, ಸ್ನಾಯುವಿಗೆ ಆಜ್ಞೆ ಕೊಡುವ ನರವ್ಯವಸ್ಥೆಯ ಕಲಿಕೆಯೂ ಹೌದು. ಆ ಕಲಿಕೆಯ ಒಂದು ಪಾಲು ಎರಡೂ ಬದಿಗೆ ಹಂಚಿಹೋಗುತ್ತದೆ. ಹಾಗಾಗಿ ಬಲಗಾಲು ಪ್ಲಾಸ್ಟರ್‌ನಲ್ಲಿದ್ದರೆ ಎಡಗಾಲಿಗೆ ಕೆಲಸ ಕೊಡುವುದು ದಂಡವಲ್ಲ. ಕುರ್ಚಿಯಲ್ಲಿ ಕೂತು ಎಡಗಾಲನ್ನು ಪೂರ್ತಿ ಚಾಚಿ ಹಿಡಿಯುವುದು, ಪಾದಕ್ಕೆ ಒಂದೋ ಎರಡೋ ಕೆಜಿಯ ಮರಳು ಚೀಲ ಕಟ್ಟಿ ಎತ್ತುವುದು, ಇಷ್ಟಕ್ಕೆ ಜಿಮ್ ಬೇಡ.

ಪೆಟ್ಟಾದ ಕಾಲಿಗೂ ಕೆಲವು ಅಭ್ಯಾಸ ಇವೆ. ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು, ಮೊಣಕಾಲನ್ನು ಕೆಳಕ್ಕೆ ಒತ್ತಿ ಐದು ಸೆಕೆಂಡ್ ಹಿಡಿದು ಬಿಡುವುದು. ಕೀಲು ಹೆಚ್ಚು ಅಲುಗಾಡುವುದಿಲ್ಲ, ತೊಡೆ ಮಾತ್ರ ಬಿಗಿಯಾಗುತ್ತದೆ. ಬೆರಳುಗಳನ್ನು ಆಡಿಸುತ್ತಿರುವುದು. ಪಾದದ ಕೀಲಿಗೇ ಪೆಟ್ಟಾಗಿದೆಯೋ, ಮೊಣಕಾಲಿಗೋ, ಸೊಂಟಕ್ಕೋ ಅನ್ನೋದರ ಮೇಲೆ ಯಾವುದು ಸರಿ ಅನ್ನೋದು ಬದಲಾಗುತ್ತದೆ. ಲಿಗಮೆಂಟ್ ಆಪರೇಷನ್ ಆದವರಿಗೆ ಫಿಸಿಯೋ ವಾರವಾರಕ್ಕೆ ಬೇರೆ ಪಟ್ಟಿ ಕೊಡುತ್ತಾರೆ. ಯೂಟ್ಯೂಬ್ ನೋಡಿ ಮುಂದಿನ ವಾರದ್ದನ್ನು ಈ ವಾರ ಮಾಡಿದರೆ ಹೊಲಿದ ಲಿಗಮೆಂಟ್ ಸಡಿಲವಾಗಬಹುದು.

ಕೈಗಳಿಗೆ ಒಂದು ಲೀಟರ್ ನೀರಿನ ಬಾಟಲಿ ಸಾಕು. ಕೂತು ತಲೆಯ ಮೇಲಕ್ಕೆ ಎತ್ತಿ, ಮೊಣಕೈ ಮಡಚಿ ಎತ್ತಿ. ರಬ್ಬರ್ ಬ್ಯಾಂಡ್ ಸಿಕ್ಕರೆ ಕಿಟಕಿ ಸರಳಿಗೆ ಕಟ್ಟಿ ಎಳೆಯಬಹುದು. ಊರುಗೋಲು ಹಿಡಿದು ಒಂಟಿ ಕಾಲಲ್ಲಿ ಹೋಗುವುದು ಮಾಮೂಲಿ ನಡಿಗೆಗಿಂತ ಎಷ್ಟೋ ಹೆಚ್ಚು ಶ್ರಮದ ಕೆಲಸ. ಹಾಲ್‌ನಿಂದ ಬಚ್ಚಲಿಗೆ ಹೋಗಿಬಂದರೇ ಏದುಸಿರು ಬರುತ್ತದೆ, ಅದೂ ಲೆಕ್ಕಕ್ಕೆ ಸೇರುತ್ತದೆ. ಭಾರ ಅಂಗೈ ಮೇಲೆ ಇರಬೇಕು, ಕಂಕುಳ ಮೇಲೆ ಅಲ್ಲ. ಕಂಕುಳ ಒತ್ತಿದರೆ ನರಕ್ಕೆ ಪೆಟ್ಟಾಗಿ ಕೈ ಮರಗಟ್ಟಬಹುದು.

ಬೆನ್ನುನೋವಿನವರದ್ದು ಬೇರೆ ದಾರಿ. ಡಿಸ್ಕ್ ಜಾರಿದೆ ಅಂತ ತಿಂಗಳುಗಟ್ಟಲೆ ಮಲಗುವ ಕಾಲ ಹೋಯಿತು. ಒಂದೆರಡು ದಿನದ ಮೇಲೆ, ನೋವು ಎಷ್ಟು ಬಿಡುತ್ತದೋ ಅಷ್ಟು ಓಡಾಡಿ ಅಂತಲೇ ಈಗಿನ ಸಲಹೆ.

ನಿದ್ದೆ, ಮಾತ್ರೆ, ತಕ್ಕಡಿ

ನೋವಿನಿಂದ ನಿದ್ದೆ ಕೆಟ್ಟರೆ ತೂಕ ಇಳಿಸುವ ಕೆಲಸವೂ ಕೆಡುತ್ತದೆ. ಶಿಕಾಗೊ ವಿಶ್ವವಿದ್ಯಾಲಯದಲ್ಲಿ ತೂಕ ಹೆಚ್ಚಿದ್ದ ಹತ್ತು ಜನರಿಗೆ ಒಂದೇ ಪಥ್ಯ ಕೊಟ್ಟು, ಎರಡು ವಾರ ದಿನಕ್ಕೆ ಎಂಟೂವರೆ ಗಂಟೆ, ಇನ್ನೆರಡು ವಾರ ಐದೂವರೆ ಗಂಟೆ ಮಾತ್ರ ಮಲಗಲು ಬಿಟ್ಟರು. ಎರಡೂ ಸಲ ಇಳಿದ ತೂಕ ಹೆಚ್ಚುಕಮ್ಮಿ ಒಂದೇ, 3 ಕೆಜಿ. ಆದರೆ ಪೂರ್ತಿ ಮಲಗಿದಾಗ ಅದರಲ್ಲಿ ಕೊಬ್ಬು 1.4 ಕೆಜಿ, ನಿದ್ದೆಗೆಟ್ಟಾಗ ಬರೀ 0.6. ಚಿಕ್ಕ ಪ್ರಯೋಗ, 2010ರದ್ದು. ಆದರೂ ನೋವು ತಡೆದುಕೊಂಡು ರಾತ್ರಿ ಎದ್ದು ಕೂರುವ ಶೂರರು ಇದನ್ನು ಓದಬೇಕು. ಡಾಕ್ಟರು ಬರೆದ ನೋವಿನ ಮಾತ್ರೆ ಹೇಳಿದ ಹೊತ್ತಿಗೆ ತಗೊಳ್ಳಿ, ಹಾಗೂ ಖಾಲಿ ಹೊಟ್ಟೆಯಲ್ಲಿ ಬೇಡ. ನರದ ನೋವಿಗೆ ಕೊಡುವ ಪ್ರೆಗಾಬಲಿನ್‌ನಂಥ ಕೆಲವು ಔಷಧಿಗಳಿಂದ ತೂಕ ಏರಬಹುದು. ಹಾಗನ್ನಿಸಿದರೆ ನೀವೇ ನಿಲ್ಲಿಸಬೇಡಿ, ಡಾಕ್ಟರ ಹತ್ತಿರ ಹೇಳಿ.

ಸಕ್ಕರೆ ಕಾಯಿಲೆ ಇರುವವರಿಗೆ ಎಚ್ಚರ ಇನ್ನೂ ಜಾಸ್ತಿ ಬೇಕು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತಗೊಳ್ಳುತ್ತಾ ಊಟ ಕಡಿಮೆ ಮಾಡಿದರೆ ಸಕ್ಕರೆ ತೀರಾ ಕೆಳಗಿಳಿಯಬಹುದು. ಊರುಗೋಲಿನ ಮೇಲಿರುವವರು ತಲೆಸುತ್ತಿ ಬಿದ್ದರೆ ಎರಡನೇ ಮೂಳೆಯೂ ಮುರಿಯುತ್ತದೆ. ತೂಕ ಇಳಿಸುವ ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ತಗೊಳ್ಳುತ್ತಿರುವವರು ಆಪರೇಷನ್‌ಗೆ ಮೊದಲೇ ಅರಿವಳಿಕೆ ಡಾಕ್ಟರಿಗೆ ತಿಳಿಸಬೇಕು. ಅವು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಹಸಿವೇ ಸತ್ತುಹೋಗುವುದರಿಂದ ಪ್ರೋಟೀನ್ ಸಾಲದೆ ಬರುವ ಅಪಾಯವೂ ಇದೆ.

ತಕ್ಕಡಿ ಹತ್ತುವ ಚಪಲ ಸದ್ಯಕ್ಕೆ ಬಿಡಿ. ಒಂಟಿ ಕಾಲಲ್ಲಿ ನಿಲ್ಲುವುದು ಅಪಾಯ. ಪ್ಲಾಸ್ಟರ್‌ನ ಭಾರ, ಊತದ ನೀರು ಸೇರಿ ಅಂಕಿಯೂ ಸುಳ್ಳು. ಹದಿನೈದು ದಿನಕ್ಕೊಮ್ಮೆ ಟೇಪ್ ಹಿಡಿದು ಹೊಕ್ಕುಳ ಮಟ್ಟದಲ್ಲಿ ಸೊಂಟದ ಸುತ್ತಳತೆ ಬರೆದಿಟ್ಟುಕೊಳ್ಳಿ. ನಮ್ಮ ದೇಶದವರಿಗೆ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆಯ ಗಡಿ.

ತೂಕಕ್ಕೆ ಸಂಬಂಧವಿಲ್ಲದಿದ್ದರೂ ಹೇಳಲೇಬೇಕಾದದ್ದು ಒಂದಿದೆ. ಮೀನಖಂಡದಲ್ಲಿ ಹೊಸದಾಗಿ ನೋವು, ಊತ, ಬಿಸಿ ಕಂಡರೆ, ಅಥವಾ ಇದ್ದಕ್ಕಿದ್ದಂತೆ ಉಸಿರು ಕಟ್ಟಿ ಎದೆ ನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು. ಪ್ಲಾಸ್ಟರ್‌ನೊಳಗೆ ತಡೆಯಲಾಗದ ನೋವು, ಬೆರಳು ನೀಲಿಯಾಗುವುದು, ಮರಗಟ್ಟುವುದು ಕೂಡ ಬೆಳಗಿನವರೆಗೆ ಕಾಯುವ ವಿಷಯವಲ್ಲ. ಆಸ್ಪತ್ರೆಗೆ ಹೋಗಿ.

ಪ್ಲಾಸ್ಟರ್ ತೆಗೆದ ಮೇಲೆ

ಪ್ಲಾಸ್ಟರ್ ಬಿಚ್ಚಿದ ದಿನ ಕಾಲು ನೋಡಿದರೆ ಗಾಬರಿ ಆಗುತ್ತದೆ. ಸಣ್ಣಗೆ, ಒಣಗಿ, ಬೇರೆ ಯಾರದ್ದೋ ಕಾಲಿನ ಹಾಗೆ ಇರುತ್ತದೆ. ಸಂಜೆ ಹೊತ್ತಿಗೆ ಊದುತ್ತದೆ. ಆರು ವಾರದಲ್ಲಿ ಕಳೆದುಕೊಂಡ ಬಲ ಮರಳಲು ಆರು ವಾರಕ್ಕಿಂತ ಜಾಸ್ತಿಯೇ ಬೇಕು. ಆದರೆ ಎಷ್ಟೋ ಜನ ಇಲ್ಲೇ ಫಿಸಿಯೋ ನಿಲ್ಲಿಸಿ, ‘ಏರಿದ್ದನ್ನು ಇಳಿಸುತ್ತೇನೆ’ ಅಂತ ಮೊದಲ ವಾರವೇ ನಾಲ್ಕು ಕಿಲೋಮೀಟರ್ ಹೊರಡುತ್ತಾರೆ. ಎರಡನೇ ವಾರ ಮತ್ತೆ ಮಂಚ.

ವೇಕ್ ಫಾರೆಸ್ಟ್‌ನ ಅದೇ ತಂಡ 2005ರಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತ್ತು. ಮೊಣಕಾಲು ಸವೆದವರಲ್ಲಿ ಒಂದು ಕೆಜಿ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ನಾಲ್ಕು ಕೆಜಿಯಷ್ಟು ತಗ್ಗುತ್ತದೆ. ಮಂಚದಲ್ಲಿದ್ದಾಗ ಇಳಿದ ಆ ಮುಕ್ಕಾಲು ಕೆಜಿಗೂ ಇಲ್ಲಿ ಬೆಲೆ ಬರುತ್ತದೆ. ಪ್ರತಿ ಹೆಜ್ಜೆಗೆ ಮೂರು ಕೆಜಿ ಹಗುರ, ದಿನಕ್ಕೆ ಮೂರು ಸಾವಿರ ಹೆಜ್ಜೆ ಇಟ್ಟರೆ ಮೂರು ಸಾವಿರ ಸಲ ಹಗುರ.

ನಡಿಗೆಯನ್ನು ಮನೆಯೊಳಗೆ ಐದು ನಿಮಿಷದಿಂದ, ದಿನಕ್ಕೆ ಮೂರು ನಾಲ್ಕು ಸಲ ಶುರುಮಾಡಿ. ಮಾರನೆಯ ಬೆಳಗ್ಗೆ ನೋವು, ಊತ ಹಿಂದಿನ ದಿನಕ್ಕಿಂತ ಜಾಸ್ತಿ ಇಲ್ಲದಿದ್ದರೆ ಮಾತ್ರ ಹೆಚ್ಚಿಸಿ. ಮೆಟ್ಟಿಲು ಹತ್ತುವಾಗ ಮೊದಲು ಗಟ್ಟಿ ಕಾಲು, ಇಳಿಯುವಾಗ ಮೊದಲು ಪೆಟ್ಟಾದ ಕಾಲು. ಗಾಯ ಪೂರ್ತಿ ಮುಚ್ಚಿದ್ದು, ಈಜುಕೊಳ ಹತ್ತಿರದಲ್ಲಿದ್ದರೆ ಎದೆಮಟ್ಟದ ನೀರಲ್ಲಿ ನಡೆಯುವುದು ಬಹಳ ಒಳ್ಳೆಯದು, ನೀರು ಮೈಭಾರದ ದೊಡ್ಡ ಪಾಲನ್ನು ಹೊತ್ತುಕೊಳ್ಳುತ್ತದೆ. ಕೂತು ತುಳಿಯುವ ವ್ಯಾಯಾಮದ ಸೈಕಲ್ಲೂ ಆಗುತ್ತದೆ.

ಓಡಾಟ ಶುರುವಾದ ಮೇಲೆ ಹಸಿವು ಜಾಸ್ತಿಯಾಗುತ್ತದೆ. ಆಗ ಚಪಾತಿ ವಾಪಸ್ ಬರಲಿ, ನಿಪ್ಪಟ್ಟಿನ ಡಬ್ಬ ಬೇಡ. ಸ್ನಾಯು ಮರಳುವ ಈ ತಿಂಗಳುಗಳಲ್ಲಿ ತಕ್ಕಡಿಯ ಅಂಕಿ ಅಲುಗದೇ ನಿಲ್ಲಬಹುದು, ಕೆಲವೊಮ್ಮೆ ಅರ್ಧ ಕೆಜಿ ಏರಲೂಬಹುದು. ಹಾಗಾದಾಗ ಟೇಪ್ ತೆಗೆದು ಮೂರು ಕಡೆ ಅಳೆಯಿರಿ. ಸೊಂಟ, ಮೊಣಕಾಲಿನ ಚಿಪ್ಪಿನಿಂದ ಒಂದು ಗೇಣು ಮೇಲೆ ಪೆಟ್ಟಾದ ಕಾಲಿನ ತೊಡೆ, ಅದೇ ಜಾಗದಲ್ಲಿ ಇನ್ನೊಂದು ತೊಡೆ. ಸೊಂಟ ಇಳಿಯುತ್ತಾ, ಎರಡು ತೊಡೆಗಳ ಅಂತರ ಕಡಿಮೆಯಾಗುತ್ತಾ ಬಂದರೆ ಊಟದಲ್ಲಿ ಏನನ್ನೂ ಬದಲಿಸಬೇಕಿಲ್ಲ. ಸೊಂಟ ಇಳಿದರೂ ಪೆಟ್ಟಾದ ತೊಡೆ ತಿಂಗಳಾದರೂ ತುಂಬಿಕೊಳ್ಳದಿದ್ದರೆ ಪ್ರೋಟೀನ್ ಸಾಲುತ್ತಿಲ್ಲ ಅಥವಾ ಅಭ್ಯಾಸ ಸಾಲುತ್ತಿಲ್ಲ ಅಂತ ಅರ್ಥ. ಆ ಅಳತೆಗಳ ಚೀಟಿ ಹಿಡಿದು ಫಿಸಿಯೋ ಹತ್ತಿರ ಹೋಗಿ.